ಥಾಮಸಿನ್ ಬಾಣಲೆ ಬಡಿದ ಭಾನುವಾರ

ಲಂಡನ್ನಿನಲ್ಲಿ ರಾಜನ ತಲೆ ಉರುಳಿದ ಚಳಿಗಾಲದಲ್ಲೇ ನಮ್ಮೂರ ವಿಧವೆ ಥಾಮಸಿನ್‌ಳ ಜೇನುಗೂಡುಗಳೂ ಸತ್ತವು. ಎರಡಕ್ಕೂ ಸಂಬಂಧವಿದೆಯೆಂದು ಊರು ಹೇಳಿತು. ಚಳಿ ಹೆಚ್ಚಾಗಿತ್ತೆಂದು ಅವಳು ಹೇಳಿದಳು. ಉಳಿದದ್ದು ಒಂದೇ ಹುಲ್ಲುಬುಟ್ಟಿಯ ಗೂಡು. ನಮ್ಮಲ್ಲಿ ಜೇನುತುಪ್ಪ ಬೇಕೆಂದರೆ ಗಂಧಕದ ಹೊಗೆ ಹಾಕಿ ಹುಳುಗಳನ್ನು ಕೊಲ್ಲಲೇಬೇಕು. ಇರುವ ಒಂದನ್ನು ಕೊಂದರೆ ಮುಂದಿನ ವರ್ಷಕ್ಕಿಲ್ಲ, ಉಳಿಸಿದರೆ ಈ ವರ್ಷಕ್ಕಿಲ್ಲ. ಅರ್ಧ ಹುಳುಗಳು ಹೊಸ ಗೂಡಿಗೆಂದು ಹೊರಗೆ ಹಾರಿ, ಅದು ಹಿಸ್ಸೆಯಾಗಿ ಎರಡಾದರೆ ಮಾತ್ರ ಅವಳ ಒಲೆ ಉರಿಯಬೇಕು.

ಹಿಸ್ಸೆಯಾದದ್ದು ಮೇ ತಿಂಗಳ ಒಂದು ಭಾನುವಾರ, ಊರೆಲ್ಲ ಚರ್ಚಿನಲ್ಲಿದ್ದಾಗ. ಗೂಡಿನ ಸದ್ದು ಬದಲಾದದ್ದು ಕೇಳಿ, ಕಾಲುನೋವಿನ ನೆಪ ಹೇಳಿ ಅವಳು ಮನೆಯಲ್ಲೇ ಉಳಿದಿದ್ದಳು. ಹಾರಿದ ಹಿಂಡನ್ನು ಬಾಣಲೆ ಬಡಿಯುತ್ತ ಬೆನ್ನಟ್ಟಿದವರಿಗೆ, ಅದು ಯಾರ ತೋಟದಲ್ಲಿ ಕೂತರೂ ಸಲ್ಲಬೇಕೆಂಬುದು ಅಜ್ಜಂದಿರ ಕಾಲದ ರೂಢಿ. ಸದ್ದು ನಿಂತರೆ ಹಕ್ಕೂ ನಿಂತಂತೆ. ಆದರೆ ಭಾನುವಾರ ಸದ್ದು ಮಾಡಿದವರ ಕಾಲಿಗೆ ಮರದ ಕೋಳವೆಂದು ಹೊಸ ಪಾದ್ರಿ ಒಬಡಾಯ ಸಾರಿದ್ದರು. ಥಾಮಸಿನ್ ಒಮ್ಮೆ ಬಾಣಲೆ ನೋಡಿದಳು, ಒಮ್ಮೆ ಚರ್ಚು ನೋಡಿದಳು. ಆಮೇಲೆ ಬಡಿದಳು.

ಒಳಗೆ ಪಾದ್ರಿಗಳು ಜೇನುಗೂಡಿನ ಮೇಲೆಯೇ ಬೋಧಿಸುತ್ತಿದ್ದರು: ರಾಜನಿಲ್ಲದೆ, ಎಲ್ಲರೂ ದುಡಿದು ಬಾಳುವ ರಾಜ್ಯ ಅದು ಎಂದು. ಗೂಡಿಗೂ ರಾಜನಿದ್ದಾನೆಂದು ಮುಂದಿನ ಸಾಲಿನಲ್ಲಿ ಧಣಿ ಜರ್ವೇಸ್ ಗೊಣಗುತ್ತಿದ್ದರು. ಆಳುವವರ ಜಗಳದಲ್ಲಿ ಆಳುಗಳಾದ ನಾವು ತೂಕಡಿಸುತ್ತಿದ್ದೆವು. ಬಾಣಲೆ ಎಬ್ಬಿಸಿತು.

ಎಲ್ಲರೂ ಎದ್ದು ಓಡಿ ನೋಡಿದರೆ, ಹಿಂಡು ಧಣಿಯ ಸೇಬಿನ ಮರದಲ್ಲಿ ಗಡ್ಡದ ಹಾಗೆ ಜೋತಿತ್ತು. ಕೆಳಗೆ ಥಾಮಸಿನ್, ಇನ್ನೂ ಬಡಿಯುತ್ತಲೇ. ಬುಟ್ಟಿ ತರಲು ನನ್ನನ್ನು ಅಟ್ಟಿದಳು. ನಾನು ಬರುವಷ್ಟರಲ್ಲಿ ಧಣಿ ತಕರಾರು ತೆಗೆದಿದ್ದರು.

"ಮರ ನಂದು, ಹುಳಾನೂ ನಂದೇ. ರಾಜಭಕ್ತನ ಮನೆ ಹುಡುಕ್ಕೊಂಡು ಬಂದಿವೆ."

ಮನೆಯಿಂದಲೇ ಬೆನ್ನಟ್ಟಿದಳೆನ್ನುವುದಕ್ಕೆ ಸಾಕ್ಷಿ ಯಾರು, ಊರೆಲ್ಲ ಚರ್ಚಿನಲ್ಲಿತ್ತಲ್ಲ ಎಂದೂ ಕೇಳಿದರು. ಅಷ್ಟರಲ್ಲಿ ಏದುಸಿರು ಬಿಡುತ್ತ ಪಾದ್ರಿಗಳು ಬಂದರು.

"ಏನಮ್ಮ ಇದು? ನಿನ್ನ ಬಾಗಿಲಿಂದ ಈ ಮರದ ತನಕ ಒಂದು ಗಳಿಗೆ ನಿಲ್ಲಿಸ್ದೆ ಬಡಿದಿದೀಯ. ನನ್ನ ಮಾತು ನನಗೇ ಕೇಳಿಸ್ಲಿಲ್ಲ."

"ಒಂದು ಗಳಿಗೇನೂ ನಿಲ್ಲಿಸ್ಲಿಲ್ಲ ಅಲ್ವಾ ಸ್ವಾಮಿ? ಧಣಿಗೆ ಕೇಳ್ಸೋ ಹಾಗೆ ಇನ್ನೊಂದ್ಸಲ ಹೇಳಿ."

ದೂರು ಕೊಡಲು ಬಂದು ಸಾಕ್ಷಿಯಾದದ್ದು ಪಾದ್ರಿಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸುಳ್ಳಾಡುವ ಮನುಷ್ಯನಲ್ಲ, ಇನ್ನೊಮ್ಮೆ ಹೇಳಿದರು, ಜೋರಾಗಿಯೇ. ಧಣಿ ಟೋಪಿ ಸರಿಮಾಡಿಕೊಂಡು ಏಣಿ ತರಿಸಿದರು.

ಏಣಿ ಹತ್ತಿದವಳನ್ನು, ಗೂಡಿನಲ್ಲಿ ರಾಜನಿದ್ದಾನೋ ಇಲ್ಲವೋ ನೀನೇ ಹೇಳಿಬಿಡು ಎಂದು ಇಬ್ಬರೂ ಪೀಡಿಸಿದರು.

"ಆಳೋದು ಯಾರೋ ಕಾಣೆ ಬುದ್ಧಿ. ಹೆರೋದು ಮಾತ್ರ ಹೆಂಗಸು," ಎಂದವಳು ಕೊಂಬೆ ಕುಲುಕಿದಳು. ಹಿಂಡು ಬುಟ್ಟಿಗೆ ಬಿತ್ತು. ರಾಜನ ಕಡೆಯವರೂ ಪ್ರಜೆಗಳ ಕಡೆಯವರೂ ಒಟ್ಟಿಗೇ ಓಡಿದರು.

ಕೋಳ ತಪ್ಪಲಿಲ್ಲ. ಮರುದಿನ ಥಾಮಸಿನ್ ಕಾಲು ಸಿಕ್ಕಿಸಿಕೊಂಡು ಊರ ನಡುವೆ ಕೂತಳು. ನಾನು ರೊಟ್ಟಿ, ಚೀಸು ಕೊಂಡೊಯ್ದು, ಅವಳ ಹಿತ್ತಿಲಿಗೆ ಬೆನ್ನು ಮಾಡಿ ಎದುರಿಗೆ ನಿಂತು ಸಮಾಧಾನ ಹೇಳತೊಡಗಿದೆ.

"ಸ್ವಲ್ಪ ಆ ಕಡೆ ಸರಿಯಪ್ಪ," ಅಂದಳು. "ಎರಡನೇ ಬುಟ್ಟಿ ಕಾಣ್ತಿಲ್ಲ."