ಕಳ್ಳರಿಗಾಗಿ ತಂದ ಚಾಕು

ರೈಲು ವಾಡಿ ಬಿಟ್ಟ ಕೂಡಲೇ ಎದುರಿಗೆ ಕುಳಿತಿದ್ದ ಹಿರಿಯರು ಚೀಲದಿಂದ ಮೊಳದುದ್ದದ ಚಾಕು ಹೊರಗೆಳೆದರು. ನಾನು ಕಿಟಕಿಗೆ ಅಂಟಿಕೊಂಡೆ.

“ಅಂಜಬ್ಯಾಡ್ರಿ, ಕಳ್ಳರು ಬಂದ್ರ ಇರ್ಲಿ ಅಂತ ಇಟ್ಕೊಂಡೀನಿ. ಭಾಳ ಚೂಪ್ ಅದ. ತೋರ್ಸಿದ್ರ ಸಾಕು, ಓಡಿ ಹೋಗ್ತಾರ,” ಎಂದು ನಕ್ಕರು.

ಅಷ್ಟರಲ್ಲಿ ಅವರ ಹೆಂಡತಿ ಬುತ್ತಿ ಬಿಚ್ಚಿ, ನನಗೂ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಹಿರಿಯರು ಗತ್ತಿನಿಂದ ಉಳ್ಳಾಗಡ್ಡಿಯ ಮೇಲೆ ಚಾಕು ಇಟ್ಟು ಒತ್ತಿದರು. ಸಿಪ್ಪೆಯೂ ಹರಿಯಲಿಲ್ಲ. ಇನ್ನಷ್ಟು ಒತ್ತಿದಾಗ ಚಾಕು ಬಿಲ್ಲಿನಂತೆ ಬಾಗಿ, ಉಳ್ಳಾಗಡ್ಡಿ ಚಿಮ್ಮಿ ನನ್ನ ಮಡಿಲಿಗೆ ಬಿತ್ತು.

“ಕೊಡ್ರಿ ಇಲ್ಲಿ,” ಎಂದು ಆ ತಾಯಿ ನನ್ನಿಂದ ಅದನ್ನು ಇಸಿದುಕೊಂಡು ಡಬ್ಬಿಯ ಮುಚ್ಚಳದ ಮೇಲಿಟ್ಟು ಒಂದೇ ಗುದ್ದು ಗುದ್ದಿದರು. ಉಳ್ಳಾಗಡ್ಡಿ ಹೋಳುಹೋಳಾಯಿತು. ಮೇಲಿನ ಬರ್ತಿನಲ್ಲಿ ಗೊರಕೆ ಹೊಡೆಯುತ್ತಿದ್ದವರು ಎದ್ದು ಕುಳಿತರು. ಹಿರಿಯರು ಚಾಕುವನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

ನಾನು ಇಳಿಯಬೇಕಿದ್ದ ಸೇಡಂ ಬಂದಾಗ ನನ್ನ ಚೀಲದ ಮೇಲೆ ಅವರ ಚೀಲವಿತ್ತು. ಅದರೊಳಗಿನ ಚಾಕುವಿಗೆ ನಾನೇನೂ ಹೆದರಲಿಲ್ಲ. ಆದರೆ ಆ ತಾಯಿಯನ್ನು ಕೇಳದೆ ಚೀಲ ಸರಿಸುವ ಧೈರ್ಯ ಮಾತ್ರ ಬರಲಿಲ್ಲ.