ಸೀಸವೂ ಸೀಸೆಯೂ

ಸಿಟ್ಟು ಬಂದರೆ ನಮ್ಮ ವಿಜ್ಞಾನದ ಮಾಸ್ತರರ ಎಡಗಿವಿ ಮೊದಲು ಕೆಂಪಾಗುತ್ತಿತ್ತು, ಬಲಗಿವಿ ಆಮೇಲೆ. ಹಳಿಯಾಳದ ಹೈಸ್ಕೂಲಿನಲ್ಲಿ ನಾವು ಪಾಠ ಕೇಳಿದ್ದಕ್ಕಿಂತ ಆ ಕಿವಿ ಕಾಯ್ದದ್ದೇ ಹೆಚ್ಚು. ಸತ್ತವರ ಬಗ್ಗೆ ಕೆಟ್ಟದ್ದಾಡಬಾರದಂತೆ. ಆಡಿದರೂ ಬಿಟ್ಟರೂ ಅವರದು ಕೆಟ್ಟ ಬಾಯಿಯೇ.

ಪಾಠ ಮಾತ್ರ ಚೆನ್ನಾಗಿ ಹೇಳುತ್ತಿದ್ದರು, ಅದೇ ನನ್ನ ಹೊಟ್ಟೆಯುರಿ. "ಆಲ್ಫಾ ಕಿರಣ ಅಂದ್ರ ಸಂತ್ಯಾಗ ಹೊಕ್ಕ ಡೊಳ್ಳಹೊಟ್ಟಿ ಸಾವಕಾರ. ನಾಕ ಹೆಜ್ಜಿ ಇಡೂದ್ರಾಗ ಎಲ್ಲಾರಿಗೂ ಢಿಕ್ಕಿ ಹೊಡದು ಸುಸ್ತು. ಒಂದ ಹಾಳಿ ಅಡ್ಡ ಹಿಡದ್ರ ಅಲ್ಲೇ ನಿಂತ. ಬೀಟಾ ಸಣ್ಣಾಂವ, ಸಂದ್ಯಾಗ ನುಸುಳಿ ಅತ್ತಿತ್ತ ಬಡಕೋತ ಹೊಕ್ಕಾನ. ಅಲ್ಯುಮಿನಿಯಂ ತಗಡಿಗೆ ನಿಲ್ತಾನ. ಗಾಮಾ ಖೋಡಿ. ನೂರು ಮಂದಿ ನಡುವ ಯಾರಿಗೂ ತಾಗದಂಗ ಹಾದು ಹೋಗ್ತೈತಿ, ಒಬ್ಬಗ ತಾಗಿದ್ರ ಅವನ ಮನಿ ಹಾಳ. ಅದಕ್ಕ ದಪ್ಪನ ಸೀಸ ಅಡ್ಡ ಇಡಬೇಕು. ಆದ್ರೂ ಪೂರ್ತಿ ನಿಲ್ಲೂದಿಲ್ಲ, ಕಡಿಮಿ ಆಗ್ತೈತಿ, ಅಷ್ಟ."

ನಾನು ಪರೀಕ್ಷೆಯಲ್ಲಿ 'ಗಾಮಾ ಕಿರಣವನ್ನು ಸೀಸೆ ತಡೆಯುತ್ತದೆ' ಎಂದು ಬರೆದೆ. ಒಂದು ಎತ್ವದ ತಪ್ಪು. ಸೀಸ ಲೋಹ, ಸೀಸೆ ಬಾಟಲಿ. ಕನ್ನಡ, ಮರಾಠಿ, ಉರ್ದು ಕಲಸಿಕೊಂಡ ನಮ್ಮೂರ ಬಾಯಲ್ಲಿ ಸೀಸ, ಸೀಸೆ, ಗಾಜಿನ ಶೀಸಾ ಎಲ್ಲಕ್ಕೂ ಒಂದೇ ಸದ್ದು. ಮಾಸ್ತರರು ಎಣ್ಣೆಯ ಖಾಲಿ ಬಾಟಲಿ ತರಿಸಿ, ಮುಖದ ಮುಂದೆ ಹಿಡಿಸಿ, ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. "ಶೀಸಾಬಾಯಿ, ಹಿಂದ ಅಡಗ್ಕೋ. ಗಾಮಾ ಬಂತು!" ಇಡೀ ವರ್ಗ ನಕ್ಕಿತು. ಊರಿಗೆ ಊರೇ ಆ ಹೆಸರು ಹಿಡಿಯಿತು. ಮದುವೆಯ ಚಪ್ಪರದಲ್ಲಿ ನನ್ನ ಗಂಡನ ಕಿವಿಗೂ ಬಿತ್ತು.

ಆಗ ಸೂಪಾದಲ್ಲಿ ಆಣೆಕಟ್ಟಿನ ಕೆಲಸ ನಡೆದಿತ್ತು. ಗಂಡ ಒಬ್ಬ ಗುತ್ತಿಗೆದಾರನ ಬಳಿ ಸೇರಿದ. ದೊಡ್ಡ ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಗಾಮಾ ಕಿರಣದಿಂದ ಫೋಟೋ ತೆಗೆಯುವ ಕೆಲಸ. ಒಂದು ದಿನ ಊಟಕ್ಕೆ ಕೂತು ಹೆಮ್ಮೆಯಿಂದ ಹೇಳಿದ: "ಅಂಜಬ್ಯಾಡ. ನಮ್ಮ ಹಿಂದಿ ಸಾಹೇಬ ಶೀಸಾದ ಹಿಂದ ನಿಂದ್ರು ಅಂದಾನ. ನಾ ಜೀಪಿನ ಗಾಜಿನ ಹಿಂದ ಕುಂಡ್ರತೇನಿ."

ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿದೆ. "ಅಯ್ಯ, ಗಾಜಲ್ರೀ, ಹಿಂದಿಯೊಳಗ ಸೀಸಾ ಅಂದ್ರ ನಮ್ಮ ಸೀಸ! ಅಲ್ಲಿ ಭಾರದ ತಗಡು ಇಟ್ಟಿರ್ತಾರಲ್ಲ, ಅದು!"

"ಶೀಸಾಬಾಯಿ ನನಗ ಶೀಸಾ ಕಲಿಸಾಕ ಬಂದ್ಲು" ಎಂದು ಗಂಡ ನಕ್ಕ.

ಅವತ್ತು ಮಾಸ್ತರರ ಮೇಲೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಗಂಡನ ಜೀವಕ್ಕೆ ಕುತ್ತು ಬಂದಿದೆ, ನನ್ನ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಯಾರಿಂದ? ಮರುದಿನ ಬೆಳಿಗ್ಗೆ ಅವರ ಹೊಸ್ತಿಲಲ್ಲಿ ನಿಂತು ನಡೆದದ್ದೆಲ್ಲ ಹೇಳಿದೆ. "ನೀವು ಇಟ್ಟ ಹೆಸರು ನನ್ನ ಬಾಯಿ ಮುಚ್ಚೇತ್ರಿ ಸರ್. ನೀವ ಬಂದು ತೆಗೀರಿ."

"ನಿನ್ನ ಗಂಡನೂ ನಿನ್ನಂಗ ದಡ್ಡ ಏನು?" ಎಂದರು. ಆದರೂ ಅಂಗಿ ತೊಟ್ಟು ನನ್ನ ಜೊತೆ ಹೊರಟರು.

ಸೂಪಾದಲ್ಲಿ ಆ ಸಾಹೇಬನಿಗೆ ತಮ್ಮ ಹರಕು ಹಿಂದಿಯಲ್ಲಿ ನೀರಿಳಿಸಿದರು. ಮೂಲೆಗೆ ಒರಗಿಸಿಟ್ಟಿದ್ದ ಸೀಸದ ತಗಡಿಗೆ ಗುದ್ದಿ ಗಂಡನತ್ತ ತಿರುಗಿದರು. "ಇದು ಸೀಸ. ಇದರ ಹಿಂದ ನಿಲ್ಲು, ಆದಷ್ಟು ದೂರ ನಿಲ್ಲು. ನಿನ್ನ ಹೆಂಡ್ತಿ ಹೇಳಿದ್ದು ಖರೇ ಐತಿ, ಆಕಿ ಮಾತು ಕೇಳು." ಗಂಡನ ಮುಖ ಬಿಳುಚಿತು. ಆ ವಾರವೇ ಅವನು ಆ ಕೆಲಸ ಬಿಟ್ಟ.

ಹಿಂದಿರುಗುವ ಬಸ್ಸಿನಲ್ಲಿ ಒಂದು ಮಾತಿಗಾಗಿ ಕಾದೆ. ತಪ್ಪಾಯಿತು ಅನ್ನುವುದು ಬೇಡ, ಅಪ್ಪ ಇಟ್ಟ ಹೆಸರು ಹಿಡಿದು ಕರೆದಿದ್ದರೂ ಸಾಕಿತ್ತು. ಕರೆಯಲಿಲ್ಲ. "ಕಿಟಕಿ ಮುಚ್ಚು, ಧೂಳು ಬರ್ತೈತಿ" ಅಂದರು. ಎಂಥ ಮನುಷ್ಯ!

ಅವರು ತೀರಿಕೊಂಡಾಗ ನಾನು ಹೋಗಬಾರದೆಂದೇ ಇದ್ದೆ. ಗಂಡ ಬಿಡದೆ ಕರೆದೊಯ್ದ. ಹೆಂಗಸರೆಲ್ಲ ಅಳುತ್ತಿದ್ದರು, ನನ್ನ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಋಣವಿದೆ, ಇಲ್ಲ ಅನ್ನುವುದಿಲ್ಲ; ಋಣವಿದ್ದವರನ್ನೆಲ್ಲ ಕ್ಷಮಿಸಬೇಕೆಂದು ಎಲ್ಲಿ ಬರೆದಿದೆ? ಆಮೇಲೆ ಚಟ್ಟ ಎತ್ತಿದರು. ಮುಂದೆ ಹೆಗಲು ಕೊಟ್ಟವನು ನನ್ನ ಗಂಡ. ಗಟ್ಟಿಮುಟ್ಟಾದ ಮೈ, ತಲೆ ಪೂರ್ತಿ ನರೆತಿದೆ. ಜೀಪಿನ ಗಾಜಿನ ಹಿಂದೆ ಕೂರುತ್ತಿದ್ದವನು ಮುದುಕನಾಗುವಷ್ಟು ಬದುಕಿದ್ದಾನೆ ಎಂಬುದು ಆಗ ಕಣ್ಣಿಗೆ ಬಿತ್ತು. ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಮಾಸ್ತರ ಮ್ಯಾಲೆ ಎಷ್ಟ್ ಜೀವ ನೋಡ್ರಿ ಈಕಿಗೆ" ಎಂದಳು ಪಕ್ಕದವಳು.