ಗೇಟಿನ ಮುಂದಿನ ಟ್ರಾಫಿಕ್ ಸಮಸ್ಯೆ

ಶಾಲೆಗಳಿಗೂ ಪೊಲೀಸರಿಗೂ ನಡುವೆ ಮಾತುಕತೆ ಚೆನ್ನಾಗಿರಬೇಕೆಂದು ನಮ್ಮ ಶಾಲೆಯ ಹಾಲ್‌ನಲ್ಲೇ ಒಂದು ಸಭೆ ನಡೆಯಿತು. ತೆಲುಗು ಸೀಮೆಯ ಮಲ್ಕಾಜ್‌ಗಿರಿ ಸುತ್ತಲಿನ ಖಾಸಗಿ ಶಾಲೆಗಳ ಪ್ರಿನ್ಸಿಪಾಲರೆಲ್ಲ ಬಂದಿದ್ದರು. ಟೀಚರುಗಳಾದ ನಮಗೂ ಕೆಲಸವಿತ್ತು, ಹೂಗುಚ್ಛ ಹಿಡಿದು ನಿಲ್ಲುವುದು, ಸಮೋಸ ಹಂಚುವುದು. ಇನ್‌ಸ್ಪೆಕ್ಟರ್ ಸಾಹೇಬರು ಮೈಕ್ ಹಿಡಿದು, ಮಕ್ಕಳಿಗೆ ಯಾರಿಂದ ಎಂಥ ಬೆದರಿಕೆ ಬಂದರೂ ಕೂಡಲೇ ತಿಳಿಸಿ ಎಂದರು. ಅದಕ್ಕಾಗಿ ಅಲ್ಲೇ ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿತು. ಅದರಲ್ಲಿ ಪೊಲೀಸರು ಮತ್ತು ಪ್ರಿನ್ಸಿಪಾಲರು ಮಾತ್ರ. ದಿನವಿಡೀ ಮಕ್ಕಳ ಜೊತೆ ಒದ್ದಾಡುವ ನಮಗೆ ಜಾಗವಿಲ್ಲ.

ಇದ್ದಿದ್ದರೆ ತಾನೇ ಏನು ಕಡಿದು ಕಟ್ಟೆ ಹಾಕುತ್ತಿದ್ದೆವು! ಬೆಳಗಾದರೆ ಗುಲಾಬಿ ಹೂವಿನ ಮೇಲೆ ಗುಡ್ ಮಾರ್ನಿಂಗ್, ಹಬ್ಬ ಬಂದರೆ ದೀಪ, ಸಾಹೇಬರ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ. ನಮ್ಮ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಇದನ್ನೆಲ್ಲ ತೋರಿಸಿ ಬೀಗುತ್ತಿದ್ದರು. ಅವರದು ಕಲಬುರಗಿ ಕಡೆಯ ಮನೆತನ, ತಂದೆ ಇದೇ ನಗರದ ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ನಾನೂ ಕನ್ನಡದವಳೆಂದು ನನ್ನೊಡನೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದರು. ಆ ಸಲುಗೆಯಿಂದ ನನಗೆ ಸಿಕ್ಕಿದ್ದು ಹೆಚ್ಚುವರಿ ಉಪದೇಶ, ಅಷ್ಟೇ.

ಒಂಬತ್ತನೇ ತರಗತಿಗೆ ನಾನು ಕ್ಲಾಸ್ ಟೀಚರ್. ಅಲ್ಲಿ ಬಾಗಲಕೋಟೆ ಕಡೆಯ ಒಬ್ಬ ಹುಡುಗಿ ಇದ್ದಳು. ಅವಳಪ್ಪ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹುಡುಗಿ ಲೆಕ್ಕದಲ್ಲಿ ಭಾರಿ ಚುರುಕು, ಬಾಯಿ ಇನ್ನೂ ಚುರುಕು. ಆ ಬಾಯಿ ಕೆಲವು ದಿನಗಳಿಂದ ಮುಚ್ಚಿಹೋಗಿತ್ತು. ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಕೇಳಿದೆ. ಸುತ್ತ ಯಾರಿಗೂ ತಿಳಿಯದಿರಲೆಂದು ಮನೆಮಾತಿನಲ್ಲೇ ಹೇಳಿದಳು.

"ಟೀಚರ್, ಗೇಟಿನ ಹತ್ರ ಒಬ್ಬಾಂವ ದಿನಾ ಬೈಕ್ ತಗೊಂಡು ನಿಂದರ್ತಾನ್ರಿ. ನನ್ನ ಜೋಡಿ ಮಾತಾಡಲಿಲ್ಲಂದ್ರ ಮುಖಾ ಕೊಯ್ತೀನಿ ಅಂದಾನ್ರಿ. ಕಿಸೆದಾಗ ಬ್ಲೇಡ್ ಐತಿ, ತೋರ್ಸಿದ." ಆಮೇಲೆ ನನ್ನ ಸೆರಗು ಹಿಡಿದುಕೊಂಡಳು. "ನನ್ನ ಸಾಲಿ ಬಿಡಸಬ್ಯಾಡ್ರಿ, ಟೀಚರ್."

ಕಿಟಕಿಯಿಂದ ಅವನನ್ನು ತೋರಿಸಿದಳು. ಇಪ್ಪತ್ತು ದಾಟಿದ ಆಳು, ಬೈಕಿನ ಕನ್ನಡಿಯಲ್ಲಿ ಕೂದಲು ತೀಡಿಕೊಳ್ಳುತ್ತಿದ್ದ. ಅವಳ ತಾಯಿಗೆ ಫೋನ್ ಮಾಡಿ, ಮಗಳನ್ನು ದಿನಾ ಬಂದು ಕರೆದುಕೊಂಡು ಹೋಗಲು ಹೇಳಿ, ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ.

ಅವರು ಎಲ್ಲವನ್ನೂ ಕೇಳಿದರು. ಕನ್ನಡಕ ಒರೆಸಿ, ಗ್ರೂಪ್ ತೆರೆದು ಬರೆಯತೊಡಗಿದರು. ಪರವಾಗಿಲ್ಲ ಮನುಷ್ಯ ಎಂದುಕೊಂಡೆ. ಬರೆದದ್ದನ್ನು ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು.

"ಬೆದರಿಕಿ ಅಂತ ಬರೀಲಿಕ್ಕೆ ಬರಂಗಿಲ್ರೀ ಮೇಡಂ. ಬ್ಯಾರೆ ಸಾಲಿಯವ್ರೂ ಓದ್ತಾರ. ಈಗ ಮುಂದಿನ ವರ್ಷದ ಅಡ್ಮಿಷನ್ ಟೈಮ್ ಅದ."

"ಮತ್ತೇನಂತ ಬರೀತೀರಿ ಸರ್?"

ಫೋನನ್ನು ನನ್ನ ಕಡೆ ತಿರುಗಿಸಿದರು. ಶಾಲೆ ಬಿಡುವ ಹೊತ್ತಿಗೆ ನಮ್ಮ ಗೇಟಿನ ಬಳಿ ಟ್ರಾಫಿಕ್ ಸಮಸ್ಯೆ ಇದೆ, ದಯವಿಟ್ಟು ಗಮನಿಸಿ ಎಂದು ಇಂಗ್ಲಿಷಿನಲ್ಲಿತ್ತು. ಕೊನೆಗೆ ಕೈಮುಗಿದ ಚಿತ್ರ.

"ಟ್ರಾಫಿಕ್ಕಾ? ಸರ್, ಬ್ಲೇಡ್ ಅಂತ ಹೇಳಾಕತ್ತೀನಿ ನಾನು!"

"ಪೊಲೀಸರು ಭಾಳ ಶಾಣ್ಯಾ ಇರ್ತಾರ್ರಿ. ಅರ್ಥಾ ಮಾಡ್ಕೋತಾರ. ಅವ್ರು ಬರೋದು ಮುಖ್ಯ, ಯಾಕ ಬಂದ್ರು ಅನ್ನೋದಲ್ಲ."

ತಿಪ್ಪೆ ಸಾರಿಸುವವರನ್ನು ಕಂಡಿದ್ದೇನೆ. ಇಷ್ಟು ನಾಜೂಕಾಗಿ ಸಾರಿಸಿದವರನ್ನು ಕಂಡಿದ್ದು ಅದೇ ಮೊದಲು. ನಮ್ಮ ಗೇಟು ಇರುವ ಗಲ್ಲಿಯಲ್ಲಿ ಎರಡು ಆಟೊ ಎದುರುಬದುರಾದರೆ ಅದೇ ದೊಡ್ಡ ಸುದ್ದಿ. ಅಲ್ಲಿ ಟ್ರಾಫಿಕ್ ಎಲ್ಲಿಂದ ಬರಬೇಕು?

ಪೊಲೀಸರು ಬಂದರು, ಅದೂ ಮಾರನೇ ದಿನವೇ! ನಾವು ಹೇಳಿದ್ದು ಅವರಿಗೆ ಅಕ್ಷರಶಃ ಅರ್ಥವಾಗಿತ್ತು. ಗೇಟಿನ ಮುಂದೆ ಎರಡು ಬ್ಯಾರಿಕೇಡ್, ಸೀಟಿ ಹಿಡಿದ ಒಬ್ಬ ಹೋಂ ಗಾರ್ಡ್. ಈ ಗಲ್ಲಿಯಲ್ಲಿ ಟ್ರಾಫಿಕ್ ಏಕೆ ಎಂದು ಸ್ಟೇಷನ್ನಿನಲ್ಲಿ ಒಬ್ಬರಾದರೂ ಕೇಳಲಿಲ್ಲ. ಪ್ರಿನ್ಸಿಪಾಲರು ಬ್ಯಾರಿಕೇಡಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಗ್ರೂಪಿಗೆ ಹಾಕಿದರು. ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿ ಬಂದವಂತೆ.

"ನೋಡಿದ್ರಿಲ್ಲೋ? ಹೆಂಗ ಕೆಲಸ ಆತು!" ಎಂದರು ನನಗೆ.

ಕೆಲಸ ಹೇಗಾಯಿತೆಂದು ಸಂಜೆ ಕಂಡೆ. ಬೈಕಿನವನು ಬ್ಯಾರಿಕೇಡಿಗೆ ಒರಗಿಕೊಂಡು ಆರಾಮವಾಗಿ ನಿಂತಿದ್ದ. ಮೊದಲು ಗೋಡೆಯ ಪಕ್ಕ ಬಿಸಿಲಲ್ಲಿ ನಿಲ್ಲುತ್ತಿದ್ದವನಿಗೆ ಈಗ ಗೇಟಿನ ಎದುರೇ ಜಾಗ ಸಿಕ್ಕಿತ್ತು. ಎರಡು ದಿನಕ್ಕೆ ಹೋಂ ಗಾರ್ಡಿಗೂ ಅವನಿಗೂ ಚಹಾದ ಗೆಳೆತನವಾಯಿತು. ವ್ಯಾನು ಬಂದಾಗ ಬ್ಯಾರಿಕೇಡ್ ಸರಿಸಲು ಹೋಂ ಗಾರ್ಡ್ "ತಮ್ಮೀ" ಎಂದು ಅವನನ್ನೇ ಕೂಗುತ್ತಿದ್ದ. ಬ್ಯಾರಿಕೇಡುಗಳ ನಡುವೆ ಮಕ್ಕಳು ಹೊರಗೆ ಹೋಗುವ ಕಿಂಡಿಯನ್ನು ತೆರೆದು ಮುಚ್ಚುವ ಕೆಲಸ ಅವನ ಕೈಗೆ ಬಂದಿತ್ತು! ಹುಡುಗಿ ತಾಯಿಯ ತೋಳಿಗೆ ಅಂಟಿಕೊಂಡು, ಮುಖವನ್ನು ವೇಲಿನಲ್ಲಿ ಮುಚ್ಚಿಕೊಂಡು ಆ ಕಿಂಡಿ ದಾಟುವುದನ್ನು ನೋಡಿದೆ.

ಇನ್ನು ಯಾವ ಪ್ರಿನ್ಸಿಪಾಲರನ್ನೂ ಕೇಳಲಿಲ್ಲ. ತಾಯಿ, ಮಗಳು ಮತ್ತು ನಾನು ಸೀದಾ ಸ್ಟೇಷನ್ನಿಗೆ ಹೋದೆವು. ದಾರಿಯಲ್ಲಿ ಆ ತಾಯಿ ಒಂದೇ ಮಾತು ಹೇಳಿದ್ದು: "ತಪ್ಪು ಮಾಡಿದಾಂವ ಅಂವ. ನನ್ನ ಮಗಳು ಯಾಕ ಸಾಲಿ ಬಿಡಬೇಕ್ರಿ?"

ಸಭೆಯಲ್ಲಿ ಮೈಕ್ ಹಿಡಿದಿದ್ದ ಇನ್‌ಸ್ಪೆಕ್ಟರ್ ಸಾಹೇಬರೇ ಇದ್ದರು. ನಮ್ಮ ಮಾತು ಮುಗಿಯುವ ಮೊದಲೇ ತೆಲುಗಿನಲ್ಲಿ ರೇಗಿದರು. ಇದಕ್ಕೆಂದೇ ಗ್ರೂಪ್ ಮಾಡಿದ್ದೇವಲ್ಲಮ್ಮಾ, ಅದರಲ್ಲಿ ಏಕೆ ಹಾಕಲಿಲ್ಲ ಎಂದರು. ಹಾಕಿದ್ದಾರೆ, ತೆಗೆದು ನೋಡಿ ಎಂದೆ. ನೋಡಿದರು. ಹುಟ್ಟುಹಬ್ಬದ ಕೇಕುಗಳನ್ನೆಲ್ಲ ದಾಟಿ ಹುಡುಕಲು ಅವರಿಗೆ ಸಾಕಷ್ಟು ಹೊತ್ತು ಹಿಡಿಯಿತು. "ಟ್ರಾಫಿಕ್ ಅಂತಿದೆ" ಎಂದರು. ಹೌದು ಎಂದೆ. ಸದ್ಯ, ಫೋನ್ ಪಕ್ಕಕ್ಕಿಟ್ಟು ಹುಡುಗಿಯ ಮಾತನ್ನು ಬರೆದುಕೊಂಡರು.

ಬ್ಲೇಡನ್ನು ಬ್ಲೇಡ್ ಎಂದು ಹೇಳಿದ್ದರಿಂದ ಕೆಲಸ ಬೇಗ ಆಯಿತು. ಅದೇ ಸಂಜೆ ಮಫ್ತಿಯಲ್ಲಿ ಬಂದ ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳು ಅವನ ಕೊರಳಪಟ್ಟಿ ಹಿಡಿದರು. ಕಿಸೆಯಲ್ಲಿ ಬ್ಲೇಡ್ ಇತ್ತು. ಹೋಂ ಗಾರ್ಡ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನಿಗೆ ಬೈಯಲು ನನಗೆ ಮನಸ್ಸಾಗಲಿಲ್ಲ. ವಾಹನ ನೋಡು ಎಂದು ಕಳಿಸಿದ್ದರು, ಪಾಪ, ವಾಹನ ನೋಡಿದ್ದ.

ಕೆಲವು ದಿನ ಹುಡುಗಿ ಮೊದಲಿನಂತೆ ಹರಟಿದಳು. ಅಷ್ಟರಲ್ಲಿ ಅವನಿಗೆ ಜಾಮೀನು ಸಿಕ್ಕಿತು. ಸ್ಟೇಷನ್ನಿನಿಂದ ಪ್ರಿನ್ಸಿಪಾಲರಿಗೆ ಸಂದೇಶ ಬಂತು: ಅವನು ಹೊರಗೆ ಬಂದಿದ್ದಾನೆ, ಹುಡುಗಿಯ ಬಗ್ಗೆ ಎಚ್ಚರ ವಹಿಸಿ. ಇಷ್ಟು ಸ್ಪಷ್ಟವಾದ ಮಾತು ಆ ಎರಡು ಕಡೆಯವರ ನಡುವೆ ಹಿಂದೆಂದೂ ಓಡಾಡಿರಲಾರದು. ಪ್ರಿನ್ಸಿಪಾಲರು ಕೂಡಲೇ ಎಚ್ಚರ ವಹಿಸಿದರು. ತಾಯಿಯನ್ನು ಕರೆಸಿ ಹುಡುಗಿಯ ಟಿ.ಸಿ. ಕೈಗಿಟ್ಟರು.

"ನಿಮ್ಮ ಮಗಳ ಒಳ್ಳೇದಕ್ಕೇ ಹೇಳ್ಲಿಕತ್ತೀನ್ರೀ ಅವ್ವಾರ" ಎಂದರು. "ನಾಳೆ ಏನರ ಆದ್ರ ಸಾಲಿ ಹೆಸರು ಬರ್ತದ."

ನಾನು ಕೂಗಾಡಿದೆ. ನಾಚಿಕೆ ಆಗಬೇಕು ಎಂದು ಮುಖಕ್ಕೇ ಹೇಳಿದೆ. ಅವರಿಗೆ ಆಗಲಿಲ್ಲ. ನೀವು ಭಾಳ ಇಮೋಷನಲ್ ಆಗ್ತೀರಿ ಮೇಡಂ ಎಂದು ಫ್ಯಾನಿನ ಸ್ಪೀಡ್ ಹೆಚ್ಚಿಸಿದರು. ತಾಯಿ ಒಂದು ವಾರ ಬಡಿದಾಡಿದಳು, ಸ್ಟೇಷನ್ನಿಗೂ ಅಲೆದಳು. ಅದು ಶಾಲೆಯ ಒಳಗಿನ ವಿಷಯ, ನಾವು ಕೈಹಾಕುವಂತಿಲ್ಲ ಎಂದರಂತೆ ಅಲ್ಲಿ. ಕೊನೆಗೆ ಮಗಳನ್ನು ನಗರದ ಇನ್ನೊಂದು ತುದಿಯ ಮಣಿಕೊಂಡದಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಬಿಟ್ಟಳು. ನಡುವರ್ಷದಲ್ಲಿ ಸೇರಿಸಿಕೊಳ್ಳುವ ಶಾಲೆ ಅಲ್ಲಿ ಸಿಗಲಿಲ್ಲ.

ಹೋಗುವ ದಿನ ಹುಡುಗಿ ತನ್ನ ಪುಸ್ತಕಗಳನ್ನು ಒಯ್ಯಲು ತರಗತಿಗೆ ಬಂದಿದ್ದಳು. ಎಲ್ಲ ಹುಡುಗಿಯರೂ ನೋಡುತ್ತಿದ್ದರು. ಚೀಲ ಹೆಗಲಿಗೇರಿಸಿ, ಎಲ್ಲರಿಗೂ ತಿಳಿಯುವ ಹಾಗೆ ತೆಲುಗಿನಲ್ಲೇ, "ಟೀಚರ್, ನಾನು ನಿಮಗೆ ಹೇಳಬಾರದಿತ್ತೇ?" ಎಂದಳು.

ಇಲ್ಲ ಮಗಳೇ, ನೀನು ಮಾಡಿದ್ದೇ ಸರಿ ಎಂದೆ. ಅವಳು ತಲೆಯಾಡಿಸಿ ಹೊರಟಳು. ಉಳಿದವರು ನನ್ನನ್ನೇ ನೋಡುತ್ತಾ ಕೂತಿದ್ದರು.

ಗ್ರೂಪ್ ಈಗಲೂ ಚೆನ್ನಾಗಿ ನಡೆಯುತ್ತಿದೆ. ಆಮೇಲೆ ನಮ್ಮ ಶಾಲೆಯಿಂದ ಒಂದೂ ದೂರಿಲ್ಲವೆಂದು ಸಾಹೇಬರು ಮೆಚ್ಚಿದ್ದಾರಂತೆ. ದೂರಿಲ್ಲದಿರುವುದು ನಿಜ. ಮೊನ್ನೆ ಒಬ್ಬ ಹುಡುಗಿ ಪಾಠದ ನಡುವೆ ಬಿಕ್ಕುತ್ತಿದ್ದಳು. ಹೊರಗೆ ಕರೆದು, ತಲೆ ಸವರಿ, ಯಾರು ಏನಂದರು ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಕಣ್ಣೊರೆಸಿಕೊಂಡು, "ಏನಿಲ್ಲ ಟೀಚರ್, ನಾನು ಈ ಶಾಲೆಯಲ್ಲೇ ಓದಬೇಕು" ಎಂದಳು.